ಮಗುವಿನ ಹೊಟ್ಟೆ ತುಂಬಿಸೋಕೆ ಹೋಟೆಲಿಗೆ ಹೋಗಬೇಡಿ

ಪ್ರಶ್ನೆ: ಮೇಡಂ, ನಾವು ದಾವಣಗೆರೆಯವರು. ಯಜಮಾನರಿಗೆ ಹಿಂಜವಡಿಯಲ್ಲಿ ಕೆಲಸ, ಮನೆ ಪುಣೆಯ ವಾಕಡ್‌ನಲ್ಲಿ. ಮಗಳಿಗೆ ಮೂರೂವರೆ ವರ್ಷ, ಮಗನಿಗೆ ಹತ್ತು ತಿಂಗಳು. ಇಲ್ಲಿ ಹತ್ತಿರದವರು ಅಂತ ಯಾರೂ ಇಲ್ಲ, ಶನಿವಾರ ರಾತ್ರಿ ಹೊರಗೆ ಊಟ ಮಾಡೋದೊಂದೇ ಬದಲಾವಣೆ. ಆದರೆ ಹೋದಾಗೆಲ್ಲ ಮಗಳು ಏನೂ ಮುಟ್ಟುವುದಿಲ್ಲ, ಫೋನ್ ಕೊಟ್ಟರೆ ಮಾತ್ರ ನಾಲ್ಕು ತುತ್ತು. ಮಗ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ. ನಾವಿಬ್ಬರೂ ಒಬ್ಬರಾದ ಮೇಲೆ ಒಬ್ಬರು ಆರಿದ ಊಟ ಮಾಡಿ ಬರುತ್ತೇವೆ. ಜರ್ಮನಿಯಲ್ಲಿರುವ ತಂಗಿ, ಅಲ್ಲಿ ಮಕ್ಕಳಿಗೆ ಎತ್ತರದ ಕುರ್ಚಿ, ಬಣ್ಣದ ಪೆನ್ಸಿಲ್ ಎಲ್ಲ ತಂದಿಡುತ್ತಾರೆ ಅನ್ನುತ್ತಾಳೆ. ಅತ್ತೆಯವರು, ಎಳೆ ಮಕ್ಕಳಿಗೆ ಹೋಟೆಲ್ ಊಟ ಯಾಕೆ ಅಂತ ಫೋನಿನಲ್ಲೇ ಬೈಯುತ್ತಾರೆ. ಡಿಸೆಂಬರಿನಲ್ಲಿ ಗೋವಾಕ್ಕೆ ಹೋಗುವ ಯೋಚನೆ ಬೇರೆ ಇದೆ. ಹೊರಗೆ ತಿನ್ನೋದನ್ನೇ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಪರ ಊರಿನಲ್ಲಿ ಎರಡು ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ಇರುವವರಿಗೆ ವಾರಕ್ಕೊಂದು ಹೊತ್ತು ಅಡುಗೆಮನೆಯಿಂದ ಬಿಡುಗಡೆ ಬೇಕೇ ಬೇಕು. ನಿಮ್ಮ ತೊಂದರೆ ಹೋಟೆಲಿನದ್ದೂ ಅಲ್ಲ, ಮಕ್ಕಳದ್ದೂ ಅಲ್ಲ. ಎರಡು ಬೇರೆ ಬೇರೆ ಕೆಲಸಗಳನ್ನು ನೀವು ಒಂದೇ ಹೊತ್ತಿಗೆ ಮಾಡಲು ನೋಡುತ್ತಿದ್ದೀರಿ. ಮಕ್ಕಳಿಗೆ ಊಟ ಮಾಡಿಸೋದು ಒಂದು ಕೆಲಸ. ನಾಲ್ಕು ಜನರ ನಡುವೆ ಕೂತು ಊಟ ಮಾಡೋದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸೋದು ಇನ್ನೊಂದು. ಮೊದಲನೆಯದನ್ನು ಮುಕ್ಕಾಲು ಭಾಗ ಮನೆಯಲ್ಲೇ ಮುಗಿಸಿ ಹೊರಡಿ. ಮಗಳಿಗೆ ಒಂದು ಪುಟ್ಟ ಬಟ್ಟಲು ಮೊಸರನ್ನವೋ, ಒಂದು ಬಾಳೆಹಣ್ಣೋ ಸಾಕು. ಮಗನಿಗೆ ಮಾತ್ರ ಪೂರ್ತಿ ಊಟ ಆಗಿರಲಿ, ಹಾಲು ಕುಡಿದಾಗಿರಲಿ. ಹತ್ತು ತಿಂಗಳ ಮಗುವಿಗೆ ಹೋಟೆಲಿನಲ್ಲಿ ಕೈಯಲ್ಲಿ ಹಿಡಿದು ಚೀಪೋಕೆ ಏನಾದರೂ ಇದ್ದರೆ ಆಯಿತು.

ಹೀಗೆ ಮಾಡಿದರೆ ಮಗಳು ಅಲ್ಲಿ ಅರ್ಧ ಇಡ್ಲಿ ತಿಂದರೂ ನಿಮಗೆ ಸಿಟ್ಟು ಬರುವುದಿಲ್ಲ. ಅವಳಿಗೂ ಅದು ಗೊತ್ತಾಗುತ್ತದೆ. ಏನು ಕೊಡಬೇಕು, ಎಷ್ಟು ಹೊತ್ತಿಗೆ, ಎಲ್ಲಿ ಅನ್ನೋದು ನಿಮ್ಮ ಕೈಯಲ್ಲಿರಲಿ, ಎಷ್ಟು ತಿನ್ನಬೇಕು ಅನ್ನೋದನ್ನು ಅವಳಿಗೇ ಬಿಡಿ. ಹೊಸ ತಿಂಡಿಯೊಂದನ್ನು ಮಗು ಒಪ್ಪಿಕೊಳ್ಳೋಕೆ ಹತ್ತು ಹದಿನೈದು ಸಲ ಕಣ್ಣೆದುರು ಬರಬೇಕಾಗಬಹುದು. ಒಂದು ಶನಿವಾರ ತಿನ್ನಲಿಲ್ಲ ಅಂತ ಆ ತಿಂಡಿಯನ್ನೇ ಕೈಬಿಡಬೇಡಿ, ಬಾಯಿಗೆ ತುರುಕಲೂ ಬೇಡಿ.

ಇನ್ನು ಸಮಯ. ಶನಿವಾರ ರಾತ್ರಿ ಎಂಟೂವರೆ ಅನ್ನೋದು ಚಿಕ್ಕ ಮಕ್ಕಳ ಪಾಲಿಗೆ ವಾರದಲ್ಲೇ ಕೆಟ್ಟ ಹೊತ್ತು. ಹಸಿವು ದಾಟಿರುತ್ತದೆ, ನಿದ್ದೆ ಬಂದಿರುತ್ತದೆ, ಹೊರಗೆ ಹೆಸರು ಬರೆಸಿ ಮುಕ್ಕಾಲು ಗಂಟೆ ನಿಂತಿರಬೇಕು, ಒಳಗೆ ಹೋದ ಮೇಲೆ ಊಟ ಬರಲು ಮತ್ತೆ ಅರ್ಧ ಗಂಟೆ. ದೊಡ್ಡವರೇ ಸಿಡಿಮಿಡಿ ಅನ್ನುತ್ತೇವೆ, ಅಲ್ವಾ? ನಾನು ನೋಡಿದ ಮಟ್ಟಿಗೆ ಹೋಟೆಲಿನಲ್ಲಿ ಮಕ್ಕಳು ಮಾಡುವ ರಂಪಕ್ಕೆಲ್ಲ ಕಾದಿದ್ದೇ ಕಾರಣ, ಅಡುಗೆ ಅಲ್ಲ. ಅದಕ್ಕೇ ರಾತ್ರಿ ಊಟ ಬಿಡಿ, ಬೆಳಗಿನ ತಿಂಡಿಗೆ ಹೋಗಿ. ಇಲ್ಲವಾದರೆ ಸಂಜೆ ಐದೂವರೆ ಆರಕ್ಕೆ. ಆ ಹೊತ್ತಿಗೆ ದೊಡ್ಡ ರೆಸ್ಟೋರೆಂಟುಗಳ ಅಡುಗೆಮನೆ ಹೆಚ್ಚಾಗಿ ಮುಚ್ಚಿರುತ್ತದೆ, ಏಳರ ಮೇಲೆಯೇ ತೆರೆಯೋದು. ಆದರೆ ಉಡುಪಿ ಹೋಟೆಲುಗಳಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಲೆ ಆರುವುದೇ ಕಡಿಮೆ. ಪುಣೆ ಮುಂಬೈಯಲ್ಲಿರುವ ಕನ್ನಡದ ತಾಯಂದಿರಿಗೆ ಇದೊಂದು ದೊಡ್ಡ ಅನುಕೂಲ. ಸುಮ್ನೆ ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ.

ಯಾಕೆ ಅಂದರೆ ಅಲ್ಲಿ ಇಡ್ಲಿ ಕೂತ ಐದು ನಿಮಿಷಕ್ಕೆ ಬರುತ್ತದೆ. ಹಬೆಯಲ್ಲಿ ಬೆಂದದ್ದು, ಖಾರವಿಲ್ಲ, ಹಲ್ಲಿಲ್ಲದ ಮಗುವೂ ವಸಡಿನಲ್ಲೇ ನುರಿಸಬಹುದು. ನೀವು ಇನ್ನೂ ಎಫ್‌ಸಿ ರಸ್ತೆಯ ವೈಶಾಲಿ ಹೋಟೆಲಿಗೆ ಹೋಗಿಲ್ಲ ಅಂದರೆ ಒಂದು ವಾರದ ದಿನ ಬೆಳಿಗ್ಗೆ ಬೇಗ ಹೋಗಿ ಬನ್ನಿ, ರವಿವಾರದ ಗದ್ದಲದಲ್ಲಿ ಬೇಡ. ವೈಶಾಲಿ, ರೂಪಾಲಿ ಎರಡನ್ನೂ ಬೆಳೆಸಿದ ಜಗನ್ನಾಥ ಶೆಟ್ಟರು ನಮ್ಮ ಕರಾವಳಿಯಿಂದಲೇ ಬಂದವರು. ಮುಂಬೈಗೆ ಬಂದರೆ ನಮ್ಮ ಕಡೆಯ ಹೋಟೆಲುಗಳಿರುವ ಮಾಟುಂಗಾ ಇದ್ದೇ ಇದೆ. 1940ರ ಕೆಫೆ ಮದ್ರಾಸ್‌ನಲ್ಲಿ ರಜಾದಿನ ಸಾಲು ಉದ್ದ, ಮಕ್ಕಳಿದ್ದರೆ ವಾರದ ನಡುವೆಯೇ ಸರಿ. ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ನಡೆಯುತ್ತಿದೆ. ಅಲ್ಲಿ ಎಲೆ ಮುಂದೆ ಕೂತರೆ ಬಡಿಸೋಕೆ ಶುರು ಮಾಡುತ್ತಾರೆ, ಬಿಳಿ ಅನ್ನ, ತುಪ್ಪ, ತೊವ್ವೆ, ಮೊಸರು ಎಲ್ಲ ಬೇರೆ ಬೇರೆ ಸಿಗುತ್ತದೆ, ಮಗುವಿಗೆ ಬೇಕಾದ್ದನ್ನು ಬೇಕಾದಷ್ಟು ಕಲಸಬಹುದು. ಮೆಟ್ಟಿಲು ಹತ್ತಬೇಕು ಅಷ್ಟೆ, ತಳ್ಳುಗಾಡಿ ಒಯ್ಯಬೇಡಿ, ಎತ್ತಿಕೊಂಡೇ ಹೋಗಿ.

ಕೂತ ಕೂಡಲೇ, ಮೆನು ಬಿಡಿಸುವ ಮುಂಚೆ, ಮಕ್ಕಳದ್ದನ್ನು ಹೇಳಿಬಿಡಿ. ಇಂಥ ಹೋಟೆಲುಗಳಲ್ಲಿ ಗಲ್ಲಾದಲ್ಲಿ ಕೂತವರೋ ಬಡಿಸುವ ಹುಡುಗರೋ ಬಹಳ ಸಲ ಕುಂದಾಪುರ, ಕಾರ್ಕಳ ಕಡೆಯವರೇ ಆಗಿರುತ್ತಾರೆ. ಕನ್ನಡದಲ್ಲಿ "ಅಣ್ಣಾ, ಚಿಕ್ಕ ಮಗು ಇದೆ, ಇಡ್ಲಿ ಮೊದಲು ಕಳಿಸಿ, ಒಂದು ಖಾಲಿ ತಟ್ಟೆ ಕೊಡಿ" ಅನ್ನಿ. ಆಮೇಲೆ ನೋಡಿ. ಅಂದ ಹಾಗೆ ಇಲ್ಲಿಯ ಮೈಸೂರು ಮಸಾಲೆಯನ್ನು ಮಗಳಿಗೆ ಅಂತ ತರಿಸಬೇಡಿ, ಆ ಕೆಂಪು ಖಾರ ಕಂಡರೆ ಮೈಸೂರಿನವರೇ ಹೆದರುತ್ತಾರೆ. ಸಾದಾ ದೋಸೆ, ಬೆಣ್ಣೆ ಪಕ್ಕಕ್ಕೆ. ದಾವಣಗೆರೆಯ ಮಗುವಿಗೆ ಬೆಣ್ಣೆ ದೋಸೆ ಬಗ್ಗೆ ನಾನು ಹೇಳಿಕೊಡಬೇಕಾ?

ಮರಾಠಿ ಊಟದ ಹೋಟೆಲಿಗೆ ಹೋದರೆ "ಕಮಿ ತಿಖಟ್", ಅಂದರೆ ಖಾರ ಕಡಿಮೆ, ಅಂತ ಹೇಳಿ ಸಮಾಧಾನ ಪಟ್ಟುಕೊಳ್ಳಬೇಡಿ. ಗ್ರೇವಿ ಬೆಳಿಗ್ಗೆಯೇ ರುಬ್ಬಿ ಕುದಿಸಿಟ್ಟಿರುತ್ತಾರೆ, ಅದರಿಂದ ಮೆಣಸಿನಕಾಯಿ ವಾಪಸ್ ತೆಗೆಯೋಕೆ ಯಾರ ಕೈಲೂ ಆಗದು, ಒಂದು ಚಮಚ ಕ್ರೀಮ್ ಜಾಸ್ತಿ ಹಾಕಿ ಕಳಿಸುತ್ತಾರೆ. ಹುಟ್ಟಿನಿಂದಲೇ ಸಪ್ಪೆ ಇರುವುದನ್ನು ಕೇಳಿ. ವರಣ್ ಭಾತ್‌ಗಿಂತ ಒಳ್ಳೆಯ ಮಕ್ಕಳ ಊಟ ಈ ರಾಜ್ಯದಲ್ಲಿ ಇನ್ನೊಂದಿಲ್ಲ. ತೊಗರಿಬೇಳೆ, ಅನ್ನ, ತುಪ್ಪ, ಬೇಕಿದ್ದರೆ ಎರಡು ಹನಿ ನಿಂಬೆ. ಇಲ್ಲಿಯ ಮನೆಗಳಲ್ಲಿ ಮಕ್ಕಳಿಗೆ ಕೊಡೋದೂ ಅದನ್ನೇ. ದಹಿ ಭಾತ್, ತುಪ್ಪ ಸವರಿದ ಫುಲ್ಕಾ ಕೂಡ ಸರಿ. ಮೊಳಕೆ ಕಾಳಿನ ಖಾರದ ಮಿಸಳ್ ನಿಮಗಿರಲಿ. ಕೋಕಂ, ತೆಂಗಿನ ಹಾಲಿನ ಸೋಲ್ ಕಢಿಯ ಬಣ್ಣ ನೋಡಿ ಗುಲಾಬಿ ಹಾಲು ಅಂತ ಮಗಳು ಕೈ ಚಾಚುತ್ತಾಳೆ, ಅದರಲ್ಲಿ ಹಸಿಮೆಣಸಿನಕಾಯಿ ಇರುತ್ತದೆ.

ಒಂದು ವಿಷಯ ಗಮನವಿಟ್ಟು ಓದಿ. ಮಹಾರಾಷ್ಟ್ರದ ಅಡುಗೆಯಲ್ಲಿ ಶೇಂಗಾ ಎಲ್ಲೆಲ್ಲೂ ಇದೆ. ಪೋಹೆಯಲ್ಲಿ (ಅವಲಕ್ಕಿ) ಇಡೀ ಕಾಳು, ಸಾಬೂದಾಣಾ ಖಿಚಡಿಯಲ್ಲಿ ತರಿತರಿ, ನಮ್ಮ ಕೋಸಂಬರಿಯಂಥ ಕೋಶಿಂಬೀರ್‌ನಲ್ಲಿ ಪುಡಿ. ಇಡೀ ಶೇಂಗಾ, ಗೋಡಂಬಿ, ಬಾದಾಮಿ ಐದು ವರ್ಷದೊಳಗಿನ ಮಕ್ಕಳಿಗೆ ಬೇಡವೇ ಬೇಡ, ಗಂಟಲಿಗೆ ಅಲ್ಲ, ಉಸಿರಿನ ಕೊಳವೆಗೆ ಹೋಗುತ್ತದೆ. ಮಗಳಿಗೂ ಇದು ಅನ್ವಯ, ಅವಳಿಗೆ ಹಲ್ಲು ಬಂದಿದ್ದರೂ. ಮಿಸಳ್ ಮೇಲೆ ಉದುರಿಸುವ ಫರಸಾಣ್ ಅನ್ನುವ ಗರಿಗರಿ ಮಿಕ್ಸ್ಚರ್, ಪಾಪ್‌ಕಾರ್ನ್, ಇಡೀ ದ್ರಾಕ್ಷಿ, ಗುಂಡು ಕ್ಯಾಂಡಿ ಇವೂ ಅದೇ ಸಾಲಿಗೆ ಸೇರಿದವು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ ಕೊಟ್ಟರೆ ತೊಂದರೆಯಿಲ್ಲ. ಪುಡಿ ಮಾಡಿದ ಶೇಂಗಾ ಮಗನಿಗೆ ಕೊಡಬಹುದು. ಆದರೆ ಮೊದಲ ಸಲ ಅದು ಮನೆಯಲ್ಲೇ, ಹಗಲು ಹೊತ್ತಿನಲ್ಲಿ, ಚೂರೇ ಚೂರು ಆಗಿರಲಿ. ಅಲರ್ಜಿ ಇದೆಯೋ ಇಲ್ಲವೋ ಅನ್ನೋದನ್ನು ಹೋಟೆಲಿನ ಟೇಬಲ್ ಮೇಲೆ ಪರೀಕ್ಷೆ ಮಾಡಬಾರದು. ಈಗಾಗಲೇ ಅಲರ್ಜಿ ಗೊತ್ತಿರುವ ಮಗುವಾದರೆ ದೊಡ್ಡ ಸರಣಿ ಹೋಟೆಲುಗಳು ಸ್ವಲ್ಪ ವಾಸಿ. ಹತ್ತು ಅಥವಾ ಹೆಚ್ಚು ಶಾಖೆ ಇರುವವರು ಮೆನುವಿನಲ್ಲಿ ಕ್ಯಾಲೊರಿಯನ್ನೂ ಅಲರ್ಜಿ ಪದಾರ್ಥಗಳ ಮಾಹಿತಿಯನ್ನೂ ಕೊಡಬೇಕು ಅನ್ನುವ ನಿಯಮ 2022ರಿಂದ ಇದೆ. ಕೇಳಿ ಪಡೆಯಿರಿ.

ಮಗನಿಗೆ ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ. ಅದರಲ್ಲಿರಬಹುದಾದ ಬೀಜಾಣುವಿನಿಂದ ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಪ್ಯಾನ್‌ಕೇಕ್ ಮೇಲೆ, ಲಿಂಬು ಪಾನಕದಲ್ಲಿ ಎಲ್ಲ ಈಗ ಜೇನು ಸುರಿಯುತ್ತಾರೆ, ಕೇಳಿಕೊಳ್ಳಿ. ಉಪ್ಪಿನ ಲೆಕ್ಕವೂ ಸ್ವಲ್ಪ ನೆನಪಿರಲಿ. ಬ್ರಿಟನ್ನಿನ ಸರ್ಕಾರಿ ಸಲಹೆಯಂತೆ ವರ್ಷದೊಳಗಿನ ಮಗುವಿಗೆ ದಿನಕ್ಕೆ 1 ಗ್ರಾಂ ಉಪ್ಪು ಕೂಡ ಆಗಬಾರದು, ಒಂದರಿಂದ ಮೂರು ವರ್ಷಕ್ಕೆ 2 ಗ್ರಾಂ, ನಾಲ್ಕರಿಂದ ಆರಕ್ಕೆ 3. ಹಾಗಾಗಿ ಮಗನಿಗೆ ಸಾಂಬಾರಿನಲ್ಲಿ ಅದ್ದಿದ ಇಡ್ಲಿ ಬೇಡ, ಬರೀ ಇಡ್ಲಿಗೆ ಮನೆಯಿಂದ ತಂದ ತುಪ್ಪ. ಮಗಳು ಹಪ್ಪಳ ಒಂದು ತುಂಡು ತಿಂದರೆ ಏನೂ ಆಗುವುದಿಲ್ಲ, ಅದಕ್ಕೆಲ್ಲ ಲೆಕ್ಕ ಇಡಬೇಡಿ.

ಗಂಟಲಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕು ಅಂತ ನೀವಿಬ್ಬರೂ ಕಲಿತಿರಬೇಕು, ಹೋಟೆಲಿಗೆ ಹೋದರೂ ಹೋಗದಿದ್ದರೂ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ನಿಂತು, ಉಸಿರು ಆಡದೆ, ತುಟಿ ನೀಲಿಯಾಗುತ್ತಿದ್ದರೆ, ಹತ್ತು ತಿಂಗಳ ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಿರಲಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಏಟು ಕೊಡಿ. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಿ. ಮತ್ತೆ ಬೆನ್ನು, ಮತ್ತೆ ಎದೆ. ವರ್ಷ ದಾಟಿದ ಮಕ್ಕಳಿಗೆ ಬೆನ್ನಿಗೆ 5 ಏಟು ಆದ ಮೇಲೆ ಹಿಂದಿನಿಂದ ಅಪ್ಪಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೆ ಮೇಲಕ್ಕೆ 5 ಸಲ ಎಳೆಯಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಜೊತೆಯಲ್ಲಿದ್ದವರು 108ಕ್ಕೆ ಕರೆ ಮಾಡಲಿ. ಕರ್ನಾಟಕದಂತೆ ಮಹಾರಾಷ್ಟ್ರ, ಗೋವಾದಲ್ಲೂ ಆಂಬುಲೆನ್ಸಿಗೆ ಅದೇ ನಂಬರ್. ಇದನ್ನು ಓದಿದರೆ ಸಾಲದು, ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಒಮ್ಮೆ ಕೈಹಿಡಿದು ತೋರಿಸಿಕೊಳ್ಳಿ.

ಬಿಸಿ ವಸ್ತುಗಳ ಬಗ್ಗೆ ತಾಯಂದಿರು ನನ್ನನ್ನು ಕೇಳುವುದೇ ಇಲ್ಲ, ಎಲ್ಲರಿಗೂ ಸೋಂಕಿನದ್ದೇ ಚಿಂತೆ. ಹತ್ತು ತಿಂಗಳ ಮಗುವಿನ ಕೈ ನೀವು ಅಂದುಕೊಂಡಿದ್ದಕ್ಕಿಂತ ಒಂದು ಗೇಣು ಉದ್ದ! ಲೋಟ ಬಟ್ಟಲಿನಲ್ಲಿ ಬರುವ ಫಿಲ್ಟರ್ ಕಾಫಿ, ಕುದಿಯುವ ಸಾಂಬಾರಿನ ವಾಟಿ, ಎಲೆ ಮೇಲೆ ಸುರಿದು ಅಂಚಿಗೆ ಹರಿಯುವ ಸಾರು, ಮೂರೂ ಅಪಾಯ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಕಾಫಿ ಕುಡಿಯಬೇಡಿ. ಓಡಾಡುವ ದಾರಿಯ ಕಡೆ ಕೂರಿಸಬೇಡಿ, ಗೋಡೆ ಕಡೆ ಕೂರಿಸಿ, ಬಡಿಸುವವರು ಮಗುವಿನ ತಲೆ ಮೇಲಿಂದ ತಟ್ಟೆ ದಾಟಿಸುವಂತಾಗಬಾರದು. ಪುಣೆ ಮುಂಬೈಯವರಿಗೆ ಸಿಜ್ಲರ್ ಹುಚ್ಚು. ಕಾದ ಕಬ್ಬಿಣದ ತಟ್ಟೆ, ಚಟಪಟ ಸಿಡಿಯುವ ಎಣ್ಣೆ, ಹೊಗೆ. ಮಗನಿಗೆ ಮೂರು ವರ್ಷ ಆಗುವವರೆಗೆ ಅದನ್ನು ಮರೆತುಬಿಡಿ. ಒಂದು ವೇಳೆ ಸುಟ್ಟರೆ ನಲ್ಲಿ ಕೆಳಗೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಆಮೇಲೆ ಆಸ್ಪತ್ರೆಗೆ.

ತಂಗಿ ಹೇಳಿದ್ದು ನಿಜ. ಜರ್ಮನಿಯಲ್ಲಿ ಎತ್ತರದ ಕುರ್ಚಿ, ಬಣ್ಣದ ಪೆನ್ಸಿಲ್ ಸಾಮಾನ್ಯ. ಅಲ್ಲಿ ಇನ್ನೊಂದು ಚಂದದ ರೂಢಿ ಇದೆ. ಕೆಲವು ಹೋಟೆಲುಗಳ ಮೆನುವಿನಲ್ಲಿ ಮಕ್ಕಳಿಗಾಗಿ ಕಳ್ಳರ ತಟ್ಟೆ ಅಂತ ಇರುತ್ತದೆ, ಬಂದಾಗ ನೋಡಿದರೆ ಖಾಲಿ ತಟ್ಟೆ ಮತ್ತು ಚಮಚ! ಮಗು ಅಪ್ಪ ಅಮ್ಮನ ತಟ್ಟೆಯಿಂದ ಕದ್ದು ತಿನ್ನಬೇಕು. ನಾವು ಖಾಲಿ ತಟ್ಟೆ ಕೇಳುತ್ತೇವಲ್ಲ, ಅದೇ. ಮಕ್ಕಳ ಮೆನು ಇಲ್ಲ ಅಂತ ಕೊರಗಬೇಡಿ. ಇಲ್ಲಿ ಮಾಲ್‌ಗಳಲ್ಲಿ ಸಿಗುವ ಮಕ್ಕಳ ಮೆನು ಅಂದರೆ ಹೆಚ್ಚಾಗಿ ಫ್ರೆಂಚ್ ಫ್ರೈಸ್, ನಗೆಟ್ಸ್, ಚೀಸ್ ಪಾಸ್ತಾ. ನಿಮ್ಮ ತಟ್ಟೆಯ ಇಡ್ಲಿ ಅದಕ್ಕಿಂತ ಎಷ್ಟೋ ಮೇಲು. ಪೆನ್ಸಿಲ್, ನಾಲ್ಕು ಹಾಳೆ, ಒಂದು ಪುಟ್ಟ ಕಾರು ನಿಮ್ಮ ಚೀಲದಲ್ಲೇ ಇರಲಿ. ಎತ್ತರದ ಕುರ್ಚಿ ಸಿಕ್ಕರೆ ಮೊದಲು ಅದರ ಬೆಲ್ಟ್ ನೋಡಿ, ಬಹಳ ಕಡೆ ಕಿತ್ತುಹೋಗಿರುತ್ತದೆ. ದುಪಟ್ಟಾದಿಂದ ಸೊಂಟಕ್ಕೆ ಕಟ್ಟಿಕೊಂಡರೂ ಕೈ ಹತ್ತಿರವೇ ಇರಲಿ.

ಫೋನ್ ವಿಚಾರ. ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ, ಅಜ್ಜಿ ತಾತನ ವಿಡಿಯೊ ಕಾಲ್ ಬಿಟ್ಟು, ಎರಡರಿಂದ ಐದಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದೆ. ಆದರೆ ನಾನು ಇದರಲ್ಲಿ ಅಷ್ಟು ಕಟ್ಟುನಿಟ್ಟಲ್ಲ. ತುತ್ತು ಬಾಯಲ್ಲಿರುವಾಗ ಬೇಡ ಅನ್ನೋದು ಮಾತ್ರ ಕಡ್ಡಾಯ, ಏಕೆಂದರೆ ಪರದೆ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ, ಅಗಿಯುವುದೂ ಕಡಿಮೆ. ಮಗಳ ಊಟ ಮುಗಿದು, ನಿಮ್ಮದು ಇನ್ನೂ ಇದ್ದು, ಅವಳು ಕುರ್ಚಿ ಇಳಿಯಲು ಹೊರಟಾಗ ಹತ್ತು ನಿಮಿಷ ಕೊಟ್ಟರೆ ನಾನಂತೂ ಬೈಯುವುದಿಲ್ಲ. ಈಗಿರುವ ರೂಢಿ ಬಿಡಿಸೋಕೆ ಮೂರ್ನಾಲ್ಕು ಸಲ ಗಲಾಟೆ ಆಗುತ್ತದೆ. ಆಗ ಒಬ್ಬರು ಅವಳನ್ನು ಹೊರಗೆ ಒಂದು ಸುತ್ತು ಕರೆದುಕೊಂಡು ಹೋಗಿ ಬನ್ನಿ. ಮುಂದಿನ ಟೇಬಲಿನವರು ಏನಂದುಕೊಳ್ಳುತ್ತಾರೋ ಅಂತ ಬೆವರಬೇಡಿ.

ಶುಚಿತ್ವಕ್ಕೆ ನನ್ನ ನಿಯಮ ಸರಳ. ಬೆಂಕಿಯಿಂದ ನೇರ ತಟ್ಟೆಗೆ ಬಂದದ್ದು ಮಕ್ಕಳಿಗೆ, ಮಾಡಿಟ್ಟದ್ದು ಬೇಡ. ಹಂಚಿನಿಂದ ಇಳಿದ ದೋಸೆ ಸುರಕ್ಷಿತ, ಬೆಳಿಗ್ಗೆ ರುಬ್ಬಿದ ತೆಂಗಿನಕಾಯಿ ಚಟ್ನಿ ಮಧ್ಯಾಹ್ನಕ್ಕೆ ಅಲ್ಲ, ಅದರಲ್ಲೂ ಮುಂಬೈ ಸೆಕೆಯಲ್ಲಿ. ಬಫೆಯಲ್ಲಿ ಉಗುರುಬೆಚ್ಚಗೆ ಕೂತಿರುವ ಅನ್ನದಲ್ಲಿ ಬೀಜಾಣುಗಳು ಮತ್ತೆ ಬೆಳೆಯುತ್ತವೆ. ಮಳೆಗಾಲದ ನಾಲ್ಕು ತಿಂಗಳು ಹಸಿ ಸಲಾಡ್, ಪಾನಿಪುರಿ, ಕಬ್ಬಿನ ಹಾಲು ಮಕ್ಕಳಿಗೆ ಬೇಡ. ನೀರು ಮನೆಯದ್ದೇ. ಐಸ್ ಹಾಕಿದ ಜ್ಯೂಸ್ ಬೇಡ. ಮಹಾರಾಷ್ಟ್ರದಲ್ಲಿ ತಿನ್ನಲು ಯೋಗ್ಯವಲ್ಲದ ಐಸಿಗೆ ನೀಲಿ ಬಣ್ಣ ಹಾಕಬೇಕು ಅಂತ 2018ರಲ್ಲೇ ಆದೇಶ ಆಗಿದೆ, ಆದರೆ ಲೋಟದಲ್ಲಿ ಕರಗಿದ ಮೇಲೆ ಏನು ನೋಡುತ್ತೀರಿ?

ಬಣ್ಣದ ವಿಷಯ ನಿಮಗೆ ಗೊತ್ತೇ ಇದೆ. 2024ರಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿತು. ಗೋವಾದ ಮಾಪುಸಾ ಪುರಸಭೆ ಅದೇ ವರ್ಷ ಗೋಬಿ ಅಂಗಡಿಗಳನ್ನೇ ಎಬ್ಬಿಸಲು ಹೊರಟಿತು. ಹೊಗೆ ಬರುವ ಬಿಸ್ಕತ್ತು, ಹೊಗೆ ಬರುವ ಪಾನ್ ಅಂತ ಮಾಲ್‌ಗಳಲ್ಲಿ ಕಂಡರೆ ಮಗಳನ್ನು ಅತ್ತ ಬಿಡಲೇಬೇಡಿ. ನಿಮ್ಮ ದಾವಣಗೆರೆಯಲ್ಲೇ ಅದನ್ನು ತಿಂದ ಹುಡುಗನೊಬ್ಬ ನರಳಿದ ವಿಡಿಯೊ ಆಗ ಎಲ್ಲರ ಫೋನಿಗೂ ಬಂದಿತ್ತು. ಆ ಹೊಗೆಗಾಗಿ ಹಾಕುವ ದ್ರವ ಸಾರಜನಕ ಪೂರ್ತಿ ಆವಿಯಾಗುವ ಮುಂಚೆ ಹೊಟ್ಟೆ ಸೇರಿದರೆ ಕರುಳನ್ನೇ ತೂತು ಮಾಡಬಹುದು.

ಗೋವಾಕ್ಕೆ ಡಿಸೆಂಬರ್ ಒಳ್ಳೆಯ ಕಾಲ, ಸಮುದ್ರ ದಂಡೆಯ ಶ್ಯಾಕ್‌ಗಳು, ಅಂದರೆ ಚಪ್ಪರದ ಹೋಟೆಲುಗಳೆಲ್ಲ ತೆರೆದಿರುತ್ತವೆ. ಮಕ್ಕಳು ಮರಳಲ್ಲಿ ಆಡುತ್ತಿದ್ದರೆ ಕಾಯುವ ತೊಂದರೆಯೇ ಇಲ್ಲ, ಈ ಒಂದು ಕಾರಣಕ್ಕೆ ನನಗೆ ಶ್ಯಾಕ್ ಇಷ್ಟ. ಆದರೆ ಅಲ್ಲಿ ಆರ್ಡರ್ ಮಾಡಿದ ಮೇಲೆ ಅಡುಗೆ ನಿಧಾನ, ಹಸಿವಾಗುವ ಮುಂಚೆಯೇ ಹೇಳಿಡಿ. ಒಬ್ಬರು ಮೆನು ನೋಡುವಾಗ ಇನ್ನೊಬ್ಬರ ಕಣ್ಣು ಮಗಳ ಮೇಲೆ, ನೀರಿನ ಮೇಲೆ. ನೀವು ಮೀನು ತಿನ್ನುವವರಾದರೆ ಮಗಳಿಗೆ ಇಸ್ವಣದ (ಅಂಜಲ್ ಮೀನು) ತುಂಡು ಕೇಳಿ, ನಡುವೆ ದಪ್ಪ ಮುಳ್ಳಿರುವುದರಿಂದ ಸುಲಭವಾಗಿ ಬಿಡಿಸಬಹುದು. ಬಂಗಡೆ ಬೇಡ, ಸಣ್ಣ ಮುಳ್ಳು ಜಾಸ್ತಿ. ಖಾರದ ರೆಶಾದ್ ಮಸಾಲೆ ಹಚ್ಚದೆ, ಉಪ್ಪು ಅರಿಸಿನದಲ್ಲಿ ಹುರಿದುಕೊಡಿ ಅನ್ನಿ, ಕೊಡುತ್ತಾರೆ. ನೀವೇ ಬೆಳಕಿಗೆ ಹಿಡಿದು ಬೆರಳಲ್ಲಿ ಹಿಸುಕಿ ನೋಡಿ ಕೊಡಿ. ಶಾಕುತಿ, ವಿಂದಾಲುವಿನಂಥ ಖಾರದ ಪದಾರ್ಥ ನಿಮಗೆ. ಬೆಳಿಗ್ಗೆ ಬಿಸಿ ಪಾವ್ ಬೆಣ್ಣೆ ಅಂದರೆ ಮಕ್ಕಳು ಬಿಡುವುದಿಲ್ಲ, ಜೊತೆಯ ಭಾಜಿಯಲ್ಲಿ ಖಾರ ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಒಮ್ಮೊಮ್ಮೆ ಹೊಟ್ಟೆ ಕೆಡುತ್ತದೆ. ಭೇದಿ ಶುರುವಾದರೆ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಪುಡಿ ಅಂತ ಪೊಟ್ಟಣದ ಮೇಲೆ ನೋಡಿ ತನ್ನಿ, ಎಷ್ಟು ನೀರಿಗೆ ಅಂತ ಬರೆದಿದೆಯೋ ಅಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಕಲಸಿ, ಚಮಚದಲ್ಲಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಸತು, ಅಂದರೆ ಜಿಂಕ್, ದಿನಕ್ಕೆ 20 ಮಿಲಿಗ್ರಾಂ 14 ದಿನ ಅಂತ ಡಾಕ್ಟರು ಬರೆದುಕೊಡುತ್ತಾರೆ, ಭೇದಿ ನಿಂತಿತು ಅಂತ ನಡುವೆ ಬಿಡಬಾರದು. ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆ.

ಅತ್ತೆಯವರಿಗೆ ಬೇಸರ ಮಾಡಬೇಡಿ, ಅವರ ಭಯದಲ್ಲಿ ಅರ್ಧ ನಿಜವೇ ಇದೆ. ಮಗುವಿಗೆ ಮನೆಯಲ್ಲೇ ಊಟ ಆಗಿದೆ ಅತ್ತೆ, ಹೋಟೆಲಲ್ಲಿ ಒಂದು ಇಡ್ಲಿ ಅಷ್ಟೇ ಅನ್ನಿ, ಸುಳ್ಳೂ ಆಗುವುದಿಲ್ಲ. ಅವರು ಪುಣೆಗೆ ಬಂದಾಗ ಜೊತೆಯಲ್ಲೇ ಕರೆದುಕೊಂಡು ಹೋಗಿ. ಮಗನನ್ನು ಅವರು ನೋಡಿಕೊಂಡರೆ ನಿಮಗೂ ಬಿಸಿ ದೋಸೆ ಸಿಕ್ಕೀತು.

ಕೊನೆಗೆ, ನೀವು ಕೇಳದಿದ್ದರೂ ಹೇಳುತ್ತೇನೆ. ಮಕ್ಕಳು ಚೆಲ್ಲಿದ ಅನ್ನವನ್ನೆಲ್ಲ ಟೇಬಲ್ ಕೆಳಗೆ ಬಿಟ್ಟು ಎದ್ದು ಬರಬೇಡಿ. ದೊಡ್ಡ ದೊಡ್ಡ ತುಂಡುಗಳನ್ನು ಒಂದು ಹಾಳೆಯಲ್ಲಿ ಬಳಿದು ತಟ್ಟೆಗೆ ಹಾಕಿ, ಒರೆಸುವ ಹುಡುಗನ ಕೈಗೆ ಇಪ್ಪತ್ತೋ ಮೂವತ್ತೋ ರೂಪಾಯಿ ಕೊಡಿ, ಬಿಲ್ಲಿನ ಜೊತೆ ಇಡಬೇಡಿ, ಕೈಗೇ ಕೊಡಿ. ಮುಂದಿನ ಸಲ ನೀವು ಒಳಗೆ ಕಾಲಿಟ್ಟ ಕೂಡಲೇ ಗೋಡೆ ಕಡೆಯ ಟೇಬಲ್ ಅವನೇ ಒರೆಸಿಕೊಡುತ್ತಾನೆ.